ಮೆಲುದನಿಯ ಪ್ರೇಮಕಥೆ ಓದಿದರೆ ಮನಸ್ಸು ಯಾಕೆ ಹಗುರಾಗುತ್ತದೆ?

ಮಳೆಹನಿ:

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಇದು.

ನಾಲ್ಕು ತಿಂಗಳಿಂದ ನಾನು ಚಿಕ್ಕ ಪ್ರೇಮಕಥೆಗಳನ್ನು ಬಿಟ್ಟು ಬೇರೇನೂ ಓದಿಲ್ಲ. ಅದರಲ್ಲೂ ಗಲಾಟೆ ಇಲ್ಲದ ಕಥೆಗಳು. ಕೊಲೆ ಇಲ್ಲ, ಮೋಸ ಇಲ್ಲ, ನಡುವೆ ಬಂದು ಹುಳಿ ಹಿಂಡುವವರು ಇಲ್ಲ. ಇಬ್ಬರು ಇರುತ್ತಾರೆ, ಪರಿಚಯ ಆಗುತ್ತದೆ, ಒಂದು ಮಾತು ಹೇಳೋಕೆ ಹಿಂಜರಿಯುತ್ತಾರೆ, ಕೊನೆಗೆ ಹೇಗೋ ಹೇಳುತ್ತಾರೆ. ಕೆಲವು ಕಥೆಗಳಲ್ಲಿ ಬಾಯಿಬಿಟ್ಟು ಹೇಳುವುದೂ ಇಲ್ಲ.

ಅಪ್ಪ ಹಾಸಿಗೆ ಹಿಡಿದಿದ್ದಾರೆ. ರಾತ್ರಿ ಅವರ ಪಕ್ಕ ನಾನೇ ಇರುತ್ತೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಆ ಎರಡು ಗಂಟೆಯಲ್ಲಿ ನಿದ್ದೆ ಹತ್ತುವುದೇ ಕಷ್ಟ. ಮೊದಲು ನಾನು ಪತ್ತೇದಾರಿ ಕಾದಂಬರಿ ಅಂದರೆ ಪ್ರಾಣ ಬಿಡುತ್ತಿದ್ದವಳು. ಈಗ ಅದನ್ನು ಹಿಡಿದರೆ ಮೂರನೇ ಪುಟಕ್ಕೇ ಎದೆ ಹೊಡೆದುಕೊಳ್ಳುತ್ತದೆ, ಮುಚ್ಚಿಡುತ್ತೇನೆ. ಅದೇ ಒಂದು ಸಣ್ಣ ಪ್ರೇಮಕಥೆ ಓದಿದರೆ ಭುಜ ತಾನಾಗಿ ಸಡಿಲ ಆಗುತ್ತದೆ. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ಭುಜ ಕೆಳಗಿಳಿಯುವುದು ನನಗೆ ಗೊತ್ತಾಗುತ್ತದೆ.

ಹಳೇ ವಾರಪತ್ರಿಕೆಯೊಂದರಲ್ಲಿ ಓದಿದ ಒಂದು ಕಥೆ ತಲೆಯಿಂದ ಹೋಗುತ್ತಲೇ ಇಲ್ಲ. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ ಇಬ್ಬರು. ಅವಳ ಕೊಡೆಯ ಹಿಡಿ ಬಿರುಕು ಬಿಟ್ಟಿರುತ್ತದೆ. ಅವನು ಅದನ್ನು ನೋಡಿರುತ್ತಾನೆ, ಆದರೆ ಏನೂ ಹೇಳಿರುವುದಿಲ್ಲ. ಒಂದು ದಿನ ಅವಳು ಕೊಡೆ ಮರೆತು ಹೋಗುತ್ತಾಳೆ. ಮಾರನೇ ದಿನ ಬಂದು ನೋಡಿದರೆ ಕೊಡೆ ಅಲ್ಲೇ ಇದೆ, ಹಿಡಿಗೆ ದಾರ ಸುತ್ತಿದೆ. ಹಿಡಿಯ ತುಂಬಾ ಅಲ್ಲ. ಅವಳ ಹೆಬ್ಬೆರಳು ಎಲ್ಲಿ ಒತ್ತುತ್ತದೋ ಅಲ್ಲಿ ಮಾತ್ರ ಎರಡು ಸುತ್ತು ಜಾಸ್ತಿ. ಅವಳು ಕೊಡೆ ಹಿಡಿದು ನೋಡುತ್ತಾಳೆ, ಬೆರಳು ಸರಿಯಾಗಿ ಆ ದಾರದ ಮೇಲೆ ಕೂರುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ. ನಾನು ಅದನ್ನು ರಾತ್ರಿ ಮೂರು ಗಂಟೆಗೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕಣ್ಣು ತುಂಬಿತ್ತು, ಆದರೆ ಅದು ದುಃಖ ಆಗಿರಲಿಲ್ಲ.

ಮೊನ್ನೆ ಅಣ್ಣ ಬಂದಿದ್ದ. ನಾನು ಓದುವುದನ್ನು ನೋಡಿ, ‘ಇದೆಲ್ಲ ಕಲ್ಪನೆ ಕಣೇ, ನಿಜದಿಂದ ತಪ್ಪಿಸಿಕೊಳ್ಳೋಕೆ ಓದುತ್ತಿದ್ದೀಯ’ ಅಂದ. ಬೈದಿದ್ದಲ್ಲ, ಕಾಳಜಿಯಿಂದಲೇ ಹೇಳಿದ್ದು. ಅದಕ್ಕೇ ಚುಚ್ಚಿತು. ಅವನು ಹೇಳಿದ್ದು ನಿಜವಾ? ಈ ಕಥೆಗಳಲ್ಲಿ ಇರುವುದಾದರೂ ಏನು? ನಿಮಗೂ ಹೀಗೆ ಆಗಿದೆಯಾ?

ಹಳೆಪುಟ:

ಮಳೆಹನಿ ಅವರೇ, ಮೊದಲು ಅಪ್ಪ ಬೇಗ ಚೇತರಿಸಿಕೊಳ್ಳಲಿ. ರಾತ್ರಿ ಎದ್ದಿದ್ದು ನೋಡಿಕೊಳ್ಳುವ ಕೆಲಸ ಏನು ಅಂತ ಮಾಡಿದವರಿಗೇ ಗೊತ್ತು. ನಾನು ನನ್ನ ಹೆಂಡತಿಗೆ ಒಂದೂವರೆ ವರ್ಷ ಮಾಡಿದ್ದೇನೆ.

ನಾನು ಈ ಬಗೆಯ ಕಥೆಗಳನ್ನು ಮೂವತ್ತು ವರ್ಷದಿಂದ ಓದುತ್ತಿದ್ದೇನೆ, ಗಂಡಸಾಗಿ ಇದನ್ನು ಹೇಳಿಕೊಳ್ಳೋಕೆ ನನಗೆ ಯಾವ ಸಂಕೋಚವೂ ಇಲ್ಲ. ಓದಿದ್ದನ್ನೇ ಮತ್ತೆ ಓದುತ್ತೇನೆ. ಕೊನೆ ಗೊತ್ತಿದ್ದೂ ಯಾಕೆ ಓದುತ್ತೀರಿ ಅಂತ ಕೇಳುವವರು ಜಾಸ್ತಿ. ನನ್ನ ಪ್ರಕಾರ ಕೊನೆ ಗೊತ್ತಿರುವುದೇ ಅದರ ಸುಖ. ಇವರಿಬ್ಬರೂ ಕೊನೆಗೆ ಒಂದಾಗುತ್ತಾರೆ ಅಂತ ಗೊತ್ತಿದ್ದಾಗ ನಾವು ‘ಮುಂದೇನು’ ಅಂತ ಓಡುವುದಿಲ್ಲ. ನಿಧಾನಕ್ಕೆ ನಡೆಯುತ್ತೇವೆ. ಅವಳು ಬಾಗಿಲ ಹತ್ತಿರ ಯಾಕೆ ಒಂದು ಕ್ಷಣ ನಿಂತಳು, ಅವನು ಯಾಕೆ ಪತ್ರವನ್ನು ಮಡಚಿ ಮತ್ತೆ ಬಿಚ್ಚಿದ, ಇಂಥವು ಆಗ ಕಾಣುತ್ತವೆ.

ಇದು ನನ್ನೊಬ್ಬನ ಅನುಭವ ಅಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದರು. 12 ಸಣ್ಣಕಥೆಗಳನ್ನು ತೆಗೆದುಕೊಂಡು, ಕೆಲವರಿಗೆ ಕೊನೆ ಏನು ಅಂತ ಮೊದಲೇ ಹೇಳಿ ಓದಿಸಿದರು, ಕೆಲವರಿಗೆ ಹೇಳದೆ ಓದಿಸಿದರು. ಕೊನೆ ಗೊತ್ತಿದ್ದವರು ಒಟ್ಟಾರೆ ಕಥೆಯನ್ನು ಜಾಸ್ತಿ ಇಷ್ಟಪಟ್ಟರು. ಅವನ್ನು ಪ್ರೇಮಕಥೆ ಅಂತ ಆರಿಸಿರಲಿಲ್ಲ, ಪತ್ತೇದಾರಿ ಕಥೆಗಳೂ ಇದ್ದವು. ಪತ್ತೇದಾರಿ ಕಥೆಯೇ ಕೊನೆ ಗೊತ್ತಿದ್ದರೂ ರುಚಿಸುತ್ತದೆ ಅಂದಮೇಲೆ ನಮ್ಮ ಕಥೆಗಳ ಮಾತೇನು ಹೇಳಿ.

ನಿಮ್ಮ ಮನೆಯಲ್ಲಿ ಈಗ ನಾಳೆ ಏನಾಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಅಂಥ ರಾತ್ರಿಯಲ್ಲಿ ಕೊನೆ ಗೊತ್ತಿರುವ ಒಂದು ವಸ್ತು ಕೈಯಲ್ಲಿದ್ದರೆ ಅದು ದೊಡ್ಡ ಆಸರೆ. ನನಗಂತೂ ಆಗಿತ್ತು.

ಕಥೆಯವಳು:

ನಾನು ಇಂಥ ಕಥೆಗಳನ್ನು ಬರೆಯುವವಳು. ಹಾಗಾಗಿ ಅಡುಗೆಮನೆ ಕಡೆಯಿಂದ ನೋಡಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೆಲುವಾದ ಕಥೆ ಅಂದರೆ ಏನೂ ನಡೆಯದ ಕಥೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೊಸದಾಗಿ ಬರೆಯುವವರೂ ಹಾಗೇ ಅಂದುಕೊಂಡು ಕೆಡುತ್ತಾರೆ, ಇಬ್ಬರನ್ನು ಮಳೆಯಲ್ಲಿ ನಿಲ್ಲಿಸಿ, ನಗಿಸಿ, ಮುಗಿಸುತ್ತಾರೆ. ಅಂಥದ್ದು ಓದಿದರೆ ಸಮಾಧಾನ ಸಿಗುವುದಿಲ್ಲ, ಆಕಳಿಕೆ ಬರುತ್ತದೆ. ಕಥೆಯಲ್ಲಿ ತಡೆ ಇರಲೇಬೇಕು. ಆದರೆ ಆ ತಡೆ ಹೊರಗಿಂದ ಕೋಲು ಹಿಡಿದು ಬರುವುದಿಲ್ಲ, ಒಳಗೇ ಇರುತ್ತದೆ. ನಾಚಿಕೆ, ಹಳೇ ಪೆಟ್ಟು, ‘ನನ್ನಂಥವಳಿಗೆ ಇದೆಲ್ಲ ಯಾಕೆ’ ಅನ್ನುವ ಹಿಂಜರಿಕೆ. ನಿಮ್ಮ ಕೊಡೆಯ ಕಥೆಯಲ್ಲಿ ಅವನು ಬಿರುಕನ್ನು ನೋಡಿಯೂ ಸುಮ್ಮನಿದ್ದ ಅಲ್ವಾ, ಆ ಸುಮ್ಮನಿರುವಿಕೆಯೇ ಅಲ್ಲಿನ ತಡೆ. ಅವಳು ಕೊಡೆ ಮರೆತು ಹೋಗದಿದ್ದರೆ ಅವನು ಆ ದಾರ ಸುತ್ತುತ್ತಲೇ ಇರಲಿಲ್ಲವೇನೋ.

ನೋವೂ ಇರಬಹುದು. ಓ ಹೆನ್ರಿ 1905ರಲ್ಲಿ ಬರೆದ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ ಕಥೆ ತುಂಬಾ ಜನರಿಗೆ ಗೊತ್ತಿರುತ್ತದೆ. ಬಡ ಗಂಡ ಹೆಂಡತಿ. ಅವನ ಗಡಿಯಾರಕ್ಕೆ ಸರಪಳಿ ತರಲು ಅವಳು ಕೂದಲು ಮಾರುತ್ತಾಳೆ, ಅವಳ ಕೂದಲಿಗೆ ಬಾಚಣಿಗೆ ತರಲು ಅವನು ಗಡಿಯಾರ ಮಾರುತ್ತಾನೆ. ಲೆಕ್ಕ ಹಾಕಿದರೆ ಇಬ್ಬರಿಗೂ ನಷ್ಟ. ತಂದ ಎರಡೂ ಉಡುಗೊರೆ ಆ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ಆದರೂ ನೂರು ವರ್ಷ ದಾಟಿದ ಮೇಲೂ ಆ ಕಥೆ ಓದಿ ಮುಗಿಸಿದವರ ಮನಸ್ಸು ಬೆಚ್ಚಗಾಗುತ್ತದೆ. ಯಾಕೆಂದರೆ ಕಥೆಯ ಒಂದು ಸಾಲಿನಲ್ಲೂ ಅವನು ಅವಳನ್ನು ಅನುಮಾನಿಸುವುದಿಲ್ಲ, ಅವಳು ಅವನನ್ನು ಅನುಮಾನಿಸುವುದಿಲ್ಲ. ಬಡತನ ಇದೆ, ನಷ್ಟ ಇದೆ, ಆದರೆ ಒಬ್ಬರು ಇನ್ನೊಬ್ಬರಿಗೆ ಕೇಡು ಬಯಸುವುದು ಅಂತ ಇಲ್ಲ. ಓದುವಾಗ ನಮಗೆ ಕಾವಲು ಕಾಯುವ ಕೆಲಸ ಇರುವುದಿಲ್ಲ. ನಿಮ್ಮ ಭುಜ ಕೆಳಗಿಳಿಯುವುದು ಅದಕ್ಕೇ ಅಂತ ನಾನು ನಂಬುತ್ತೇನೆ. ದಿನವಿಡೀ ಉಸಿರು, ಜ್ವರ, ಔಷಧಿಯ ಹೊತ್ತು, ಎಲ್ಲದರ ಮೇಲೂ ಕಣ್ಣಿಟ್ಟು ಕೂತವರಿಗೆ ಕಾವಲು ಬೇಡದ ಜಾಗ ಅಂತ ಒಂದು ಬೇಕು.

ಇನ್ನೊಂದು ವಿಷಯ, ಉದ್ದ. 1842ರಲ್ಲಿ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ, ಅಲ್ಲಿನ ಇನ್ನೊಬ್ಬ ಕಥೆಗಾರ ಹಾಥಾರ್ನ್ ಅವರ ಕಥೆಗಳ ಬಗ್ಗೆ ಬರೆಯುತ್ತಾ, ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಓದಿ ಮುಗಿಸಬಹುದಾದ ಗದ್ಯಕಥೆಯ ಶಕ್ತಿಯೇ ಬೇರೆ ಅಂದಿದ್ದರು. ಕೂತ ಕಡೆಯಲ್ಲೇ ಮುಗಿಯಬೇಕು, ನಡುವೆ ಎದ್ದು ಹೋದರೆ ಹೊರಗಿನ ಲೋಕ ಒಳಗೆ ನುಗ್ಗಿ ಕಥೆಯ ಹಿಡಿತ ಸಡಿಲ ಆಗುತ್ತದೆ ಅನ್ನುವುದು ಅವರ ವಾದ. ನಿಮಗೆ ಸಿಗುವುದೂ ಸರಿಯಾಗಿ ಎರಡು ಗಂಟೆ! ಅಪ್ಪನ ಮಗ್ಗುಲು ಬದಲಿಸಿದ ಮೇಲೆ ಶುರು ಮಾಡಿ, ಮತ್ತೆ ಬದಲಿಸುವ ಮೊದಲು ಮುಗಿಸಬಹುದು. ಮನೆಯಲ್ಲಿ ಕಾಯಿಲೆ ಇದ್ದಾಗ ಯಾವ ಕೆಲಸವೂ ‘ಮುಗಿಯಿತು’ ಅನ್ನಿಸುವುದಿಲ್ಲ, ಇವತ್ತು ಒಗೆದದ್ದನ್ನು ನಾಳೆ ಮತ್ತೆ ಒಗೆಯಬೇಕು. ಆದರೆ ಕಥೆ ಮುಗಿಯುತ್ತದೆ. ಪೂರ್ತಿ ಮುಗಿಯುತ್ತದೆ. ಅದೂ ಒಂದು ನೆಮ್ಮದಿ.

ಅಣ್ಣನ ಮಾತಿಗೆ ಬರುತ್ತೇನೆ. ತಪ್ಪಿಸಿಕೊಳ್ಳುವವರು ಎದ್ದು ಹೋಗುತ್ತಾರೆ. ನೀವು ಎರಡು ಗಂಟೆಗೊಮ್ಮೆ ಪುಸ್ತಕ ಕೆಳಗಿಟ್ಟು ಅಪ್ಪನ ಬೆನ್ನಿಗೆ ದಿಂಬು ಕೊಡುತ್ತಿದ್ದೀರಿ.

ಒಂಟಿದಾರಿ:

ಇಲ್ಲಿ ಎಲ್ಲರೂ ಹೊಗಳುತ್ತಿದ್ದಾರೆ, ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಎಂಟು ವರ್ಷದ ಮದುವೆ ಮುರಿದ ಮೇಲೆ ಒಂದು ವರ್ಷ ಪೂರ್ತಿ ನನಗೆ ಈ ಕಥೆಗಳನ್ನು ಮುಟ್ಟೋಕೂ ಆಗಲಿಲ್ಲ. ಸ್ನೇಹಿತೆ ಒಬ್ಬಳು ಒಳ್ಳೆಯ ಮನಸ್ಸಿನಿಂದ ಒಂದು ಸಂಕಲನ ಕೊಟ್ಟಿದ್ದಳು. ಮೊದಲ ಕಥೆಯಲ್ಲೇ ಗಂಡ ಹೆಂಡತಿಯ ಕನ್ನಡಕ ಒರೆಸಿ ದಿಂಬಿನ ಪಕ್ಕ ಇಡುತ್ತಾನೆ. ಅಷ್ಟು ಓದಿ ಪುಸ್ತಕ ಮುಚ್ಚಿ ಮಂಚದ ಕೆಳಗೆ ತಳ್ಳಿದೆ. ಜಗಳದ ದೃಶ್ಯ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕನ್ನಡಕ ಒರೆಸುವುದನ್ನು ತಡೆದುಕೊಳ್ಳೋಕೆ ಆಗಲಿಲ್ಲ. ಅಂಥದ್ದು ನನಗೆ ಯಾವತ್ತೂ ಸಿಕ್ಕಿರಲಿಲ್ಲ ಅಂತ ಆ ಸಾಲು ಓದಿದ ಮೇಲೆಯೇ ನನಗೆ ಗೊತ್ತಾಗಿದ್ದು.

ಆಗ ನನಗೆ ಆಸರೆ ಆಗಿದ್ದು ರಷ್ಯಾದ ಕಥೆಗಾರ ಚೆಕಾಫ್. 1899ರಲ್ಲಿ ಬಂದ ‘ನಾಯಿಯೊಂದಿಗಿನ ಮಹಿಳೆ’. ಅದು ಸುಖಾಂತ ಅಲ್ಲ, ದುಃಖಾಂತವೂ ಅಲ್ಲ. ಇಬ್ಬರಿಗೂ ಬೇರೆ ಬೇರೆ ಮದುವೆ ಆಗಿದೆ, ಮುಂದೇನು ಅಂತ ಇಬ್ಬರಿಗೂ ಗೊತ್ತಿಲ್ಲ, ಕಷ್ಟ ಈಗಷ್ಟೇ ಶುರುವಾಗಿದೆ ಅನ್ನುವಲ್ಲಿ ಕಥೆ ನಿಲ್ಲುತ್ತದೆ. ಕೊನೆಯ ಹತ್ತಿರ ಕಥಾನಾಯಕ ಗುರೋವ್ ಕನ್ನಡಿಯಲ್ಲಿ ತನ್ನ ತಲೆ ನರೆಯುತ್ತಿರುವುದನ್ನು ನೋಡುತ್ತಾನೆ. ಕೂದಲು ಬೆಳ್ಳಗಾಗುವ ಹೊತ್ತಿಗೆ, ಜೀವನದಲ್ಲಿ ಮೊದಲ ಸಲ ನಿಜವಾಗಿ ಪ್ರೀತಿಸಿದ್ದೇನೆ ಅಂತ ಅವನಿಗೆ ಅರಿವಾಗುತ್ತದೆ. ಅದನ್ನು ಓದಿದಾಗ ಯಾರೋ ಪಕ್ಕದಲ್ಲಿ ಬಂದು ಕೂತ ಹಾಗಾಯಿತು ನನಗೆ. ಎಲ್ಲಾ ಸರಿಹೋಗುತ್ತದೆ ಅಂತ ಆ ಕಥೆ ಸಮಾಧಾನ ಹೇಳಲಿಲ್ಲ, ಮುಂದೇನು ಅಂತ ತನಗೂ ಗೊತ್ತಿಲ್ಲದೆ ನನ್ನ ಜೊತೆ ನಿಂತಿತು.

ಅದಕ್ಕೇ ನಾನು ಹೇಳುವುದು, ಸಮಾಧಾನ ಕೊಡುವುದು ಸುಖಾಂತ ಅಲ್ಲ. ಹಳೆಪುಟ ಅವರು ಹೇಳಿದ್ದು ಅವರಿಗೆ ನಿಜ, ನನಗೆ ಆಗಲಿಲ್ಲ. ಗಾಯ ಎಲ್ಲಿದೆ ಅನ್ನುವುದರ ಮೇಲೆ ಯಾವ ಕಥೆ ಒಗ್ಗುತ್ತದೆ ಅನ್ನುವುದು ನಿಂತಿದೆ. ಪ್ರೀತಿಯೇ ಗಾಯ ಆಗಿದ್ದಾಗ ಮೆಲುವಾದ ಪ್ರೇಮಕಥೆ ಉಪ್ಪು ಸವರಿದ ಹಾಗೆ. ಮಳೆಹನಿ ಅವರಿಗೆ ಗಾಯ ಬೇರೆ ಕಡೆ ಇದೆ, ಹಾಗಾಗಿ ಈ ಕಥೆಗಳು ಹಿತವಾಗಿವೆ.

(ಮಂಚದ ಕೆಳಗಿನ ಆ ಪುಸ್ತಕವನ್ನು ಎರಡು ವರ್ಷದ ಮೇಲೆ ತೆಗೆದೆ. ಕನ್ನಡಕದ ಕಥೆಯನ್ನು ಪೂರ್ತಿ ಓದಿದೆ. ಚೆನ್ನಾಗಿತ್ತು.)

ರಾತ್ರಿಪಾಳಿ:

ಒಂಟಿದಾರಿ ಅವರು ಬರೆದದ್ದು ಓದಿ ಗಂಟಲು ಕಟ್ಟಿತು.

ನಾನು ನರ್ಸ್. ರಾತ್ರಿ ಡ್ಯೂಟಿಯಲ್ಲಿ ಬಿಡುವಾದಾಗ ಓದುತ್ತೇನೆ. ನನಗೆ ಇದರಲ್ಲಿ ಪ್ರೀತಿಗಿಂತ ಗಮನ ಮುಖ್ಯ ಅನ್ನಿಸುತ್ತದೆ. ನಾವು ದಿನವಿಡೀ ಬೇರೆಯವರನ್ನು ಗಮನಿಸುತ್ತೇವೆ. ಯಾರ ಕಾಲು ಊದಿದೆ, ಯಾರು ಊಟ ಬಿಟ್ಟರು, ಯಾರು ಗೋಡೆ ಕಡೆ ತಿರುಗಿ ಅಳುತ್ತಿದ್ದಾರೆ. ನಮ್ಮನ್ನು ಯಾರೂ ಹಾಗೆ ನೋಡುವುದಿಲ್ಲ, ಅದಕ್ಕೆ ಯಾರನ್ನೂ ದೂರುವ ಹಾಗೂ ಇಲ್ಲ, ಅವರ ಕಷ್ಟವೇ ಅವರಿಗೆ ಸಾಕಾಗಿರುತ್ತದೆ. ಆದರೆ ಕೊಡೆಯ ಹಿಡಿಯಲ್ಲಿ ಹೆಬ್ಬೆರಳು ಎಲ್ಲಿ ಕೂರುತ್ತದೆ ಅಂತ ಒಬ್ಬ ಮನುಷ್ಯ ನೋಡಿಟ್ಟುಕೊಂಡಿದ್ದಾನೆ ಅಂತ ಓದಿದಾಗ, ಆ ಗಮನ ನನಗೇ ಸಿಕ್ಕಿದ ಹಾಗೆ ಅನ್ನಿಸುತ್ತದೆ. ಮಳೆಹನಿ ಅವರೇ, ನೀವು ಅತ್ತಿದ್ದು ಅದಕ್ಕೇ ಇರಬಹುದು. ನಾಲ್ಕು ತಿಂಗಳಿಂದ ನಿಮ್ಮ ಹೆಬ್ಬೆರಳನ್ನು ಯಾರಾದರೂ ನೋಡಿದ್ದಾರಾ?

ಜಪಾನಿನವರ ಹತ್ತಿರ ಈ ಬಗೆಯ ಕಥೆಗಳಿಗೆ ಒಂದು ಹೆಸರೇ ಇದೆ, ‘ಇಯಾಶಿಕೇ’. ಮನಸ್ಸಿಗೆ ಗುಣ ಮಾಡುವಂಥದ್ದು ಅಂತ ಅರ್ಥ. ಅಲ್ಲಿನ ಕಾಮಿಕ್ಸ್, ಅನಿಮೇಷನ್‌ಗಳಲ್ಲಿ ಇದನ್ನು ಒಂದು ಪ್ರತ್ಯೇಕ ಬಗೆ ಅಂತಲೇ ಗುರುತಿಸುತ್ತಾರೆ, ದೊಡ್ಡ ಘಟನೆ ಇಲ್ಲ, ದಿನದ ಸಣ್ಣ ಸಣ್ಣ ಸಂಗತಿಗಳು, ನಿಧಾನ ಗತಿ. ಪ್ರೇಮ ಇರಲೇಬೇಕು ಅಂತಿಲ್ಲ. ಅದಕ್ಕೊಂದು ಹೆಸರಿದೆ ಅಂತ ಗೊತ್ತಾದಾಗ ನನಗೆ ಖುಷಿ ಆಯಿತು. ಜನ ಬೇಕು ಅಂತ ಹುಡುಕಿಕೊಂಡು ಹೋಗಿ ಓದುತ್ತಾರೆ ಅಂತ ತಾನೇ.

ಒಂದು ಸಣ್ಣ ಸಲಹೆ. ರಾತ್ರಿ ಮೊಬೈಲ್‌ನಲ್ಲಿ ಓದುವ ಬದಲು ಕಾಗದದ ಪುಸ್ತಕ ಹಿಡಿಯಿರಿ, ಆಗದಿದ್ದರೆ ಪರದೆಯ ಬೆಳಕು ಆದಷ್ಟು ತಗ್ಗಿಸಿ. ಪರದೆಯ ನೀಲಿ ಬೆಳಕು ನಿದ್ದೆಯ ಹಾರ್ಮೋನ್ ಮೆಲಟೋನಿನ್ ಅನ್ನು ತಡೆಯುತ್ತದೆ. ಸಿಗುವ ಒಂದು ಗಂಟೆ ನಿದ್ದೆಯೂ ಕೆಡುವುದು ಬೇಡ.

ಮಳೆಹನಿ:

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ರಾತ್ರಿಪಾಳಿ ಅವರೇ, ನಿಮ್ಮ ಆ ಪ್ರಶ್ನೆಗೆ ಉತ್ತರ ಬರೆಯೋಕೆ ಹೊರಟು ಮೂರು ಸಲ ಅಳಿಸಿದೆ. ಇಲ್ಲ, ಯಾರೂ ನೋಡಿಲ್ಲ. ಹಾಗಂತ ಹೇಳಿಕೊಂಡಿದ್ದೂ ಇದೇ ಮೊದಲು.

ಒಂಟಿದಾರಿ ಅವರೇ, ನೀವು ಬೇಜಾರು ಮಾಡಿಕೊಳ್ಳಬೇಡಿ ಅಂದಿರಿ, ನನಗೆ ನಿಮ್ಮ ಮಾತೇ ಜಾಸ್ತಿ ನಾಟಿತು. ಅಮ್ಮ ತೀರಿಕೊಂಡ ವರ್ಷ ಅಪ್ಪ ರೇಡಿಯೋದಲ್ಲಿ ಹಳೇ ಪ್ರೇಮಗೀತೆ ಬಂದರೆ ಎದ್ದು ಹೋಗಿ ನಿಲ್ಲಿಸುತ್ತಿದ್ದರು. ಆಗ ನನಗೆ ಅದು ಅರ್ಥ ಆಗಿರಲಿಲ್ಲ. ಈಗ ಆಯಿತು.

ಅದಕ್ಕೇ ಒಂದು ಅನುಮಾನ. ನಿನ್ನೆ ರಾತ್ರಿ ಅಪ್ಪ ಎಚ್ಚರ ಇದ್ದರು. ‘ಏನು ಓದುತ್ತಿದ್ದೀಯ’ ಅಂತ ಕೇಳಿದರು. ಕಥೆ ಅಂದೆ. ‘ಜೋರಾಗಿ ಓದು’ ಅಂದರು. ನಾನು ಪ್ರೇಮಕಥೆ ಅಂತ ಹೇಳದೆ ಬೇರೆ ಏನೋ ಸಿಕ್ಕಿದ್ದನ್ನು ಓದಿದೆ. ಅವರಿಗೆ ಇಂಥ ಕಥೆ ಓದಿ ಹೇಳಬಹುದಾ, ಅಮ್ಮನ ನೆನಪಾಗಿ ನೋವಾಗುತ್ತದಾ? ಹಳೆಪುಟ ಅವರೇ, ನೀವೇ ಹೇಳಬೇಕು.

ಹಳೆಪುಟ:

ನನ್ನ ಅನುಭವ ಮಾತ್ರ ಹೇಳಬಲ್ಲೆ. ಹೆಂಡತಿ ಹೋದ ಮೇಲೆ ಮೊದಲ ಆರು ತಿಂಗಳು ನಾನು ಈ ಕಥೆಗಳ ಕಡೆ ತಿರುಗಿ ನೋಡಲಿಲ್ಲ. ಒಂಟಿದಾರಿ ಅವರು ಹೇಳಿದ್ದು ಪೂರ್ತಿ ಸರಿ, ನಾನು ಮೊದಲು ಬರೆದಾಗ ಅದನ್ನು ಬಿಟ್ಟುಬಿಟ್ಟಿದ್ದೆ. ಆಮೇಲೆ ಒಂದು ದಿನ, ಅವಳಿಗೆ ಇಷ್ಟವಾಗಿದ್ದ ಒಂದು ಕಥೆಯನ್ನು ತೆಗೆದು ಓದಿದೆ. ಅವಳು ಪೆನ್ಸಿಲ್‌ನಲ್ಲಿ ಒಂದು ಸಾಲಿನ ಪಕ್ಕ ಸಣ್ಣ ಗೆರೆ ಎಳೆದಿದ್ದಳು. ಅದು ಅಂಥ ದೊಡ್ಡ ಸಾಲೇನಲ್ಲ, ಗಂಡ ತಡವಾಗಿ ಬರುತ್ತಾನೆ ಅಂತ ಹೆಂಡತಿ ದೀಪ ಆರಿಸದೆ ಮಲಗುವ ಸಾಲು. ನನ್ನ ಕೆಲಸದ ದಿನಗಳಲ್ಲಿ ಅವಳು ದೀಪ ಉರಿಯಲು ಬಿಟ್ಟು ಮಲಗುತ್ತಿದ್ದಳು, ನಾನು ಕರೆಂಟ್ ದಂಡ ಅಂತ ಗೊಣಗುತ್ತಿದ್ದೆ. ಅತ್ತೆ, ತುಂಬಾ ಅತ್ತೆ. ಆದರೆ ಆ ಅಳು ಬೇಕಿತ್ತು.

ಅಪ್ಪನಿಗೆ ಎಷ್ಟು ವರ್ಷ ಆಯಿತು ಅಮ್ಮ ಹೋಗಿ? ಕೇಳದೆ ಓದಬೇಡಿ. ‘ಇದು ಗಂಡ ಹೆಂಡತಿಯ ಕಥೆ ಅಪ್ಪ, ಓದಲಾ?’ ಅಂತ ನೇರವಾಗಿ ಕೇಳಿ. ಅವರೇ ಹೇಳುತ್ತಾರೆ.

ಕಥೆಯವಳು:

ಹೌದು, ಕೇಳಿ ಓದಿ. ಜೋರಾಗಿ ಓದುವಾಗ ಸಂಭಾಷಣೆ ಕಡಿಮೆ ಇರುವ ಕಥೆ ಆರಿಸಿಕೊಳ್ಳಿ, ಇಲ್ಲದಿದ್ದರೆ ಯಾರು ಯಾವ ಮಾತು ಆಡಿದರು ಅಂತ ಕೇಳುವವರಿಗೆ ಗೊಂದಲ ಆಗುತ್ತದೆ. ಮಲಗಿ ಕೇಳುವವರಿಗೆ ಇಬ್ಬರೇ ಪಾತ್ರ ಇದ್ದರೆ ಸಾಕು. ನಿಮ್ಮ ಕೊಡೆಯ ಕಥೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಮಳೆಹನಿ:

ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಡುವೆ ಅಪ್ಪನಿಗೆ ಜ್ವರ ಬಂದಿತ್ತು.

ಅಮ್ಮ ಹೋಗಿ ಹನ್ನೊಂದು ವರ್ಷ. ನಿನ್ನೆ ಕೇಳಿದೆ, ‘ಪ್ರೇಮಕಥೆ ಅಪ್ಪ, ಓದಲಾ’ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಓದು’ ಅಂದರು. ಕೊಡೆಯ ಕಥೆಯನ್ನೇ ಓದಿದೆ. ನಡುವೆ ಕಣ್ಣು ಮುಚ್ಚಿದ್ದರು, ನಿದ್ದೆ ಬಂತು ಅಂತ ನಿಲ್ಲಿಸಿದೆ. ನಿಲ್ಲಿಸಿದ ತಕ್ಷಣ ‘ಆಮೇಲೆ? ಕೊಡೆ ಅಲ್ಲೇ ಇತ್ತಾ?’ ಅಂದರು. ಪೂರ್ತಿ ಓದಿದೆ. ಮುಗಿದ ಮೇಲೆ ಏನೂ ಹೇಳಲಿಲ್ಲ. ನಾನು ಮಗ್ಗುಲು ಬದಲಿಸೋಕೆ ಅಂತ ಕೈ ಹಾಕಿದಾಗ ನನ್ನ ಕೈ ಹಿಡಿದುಕೊಂಡು ತಿರುಗಿಸಿ ನೋಡಿದರು. ಔಷಧಿ ಬಾಟಲಿಯ ಮುಚ್ಚಳ ತೆಗೆದು ತೆಗೆದು ನನ್ನ ಹೆಬ್ಬೆರಳಿನ ಚರ್ಮ ಸುಲಿದಿದೆ. ‘ಇದಕ್ಕೆ ಏನಾದರೂ ಹಚ್ಚಿಕೊಳ್ಳಮ್ಮ’ ಅಂದರು.

ಹಚ್ಚಿಕೊಂಡಿದ್ದೇನೆ. ಇವತ್ತು ಇನ್ನೊಂದು ಕಥೆ ಓದಬೇಕಂತೆ, ಈಗಲೇ ಹೇಳಿದ್ದಾರೆ. ಇಬ್ಬರೇ ಪಾತ್ರ ಇರುವಂಥದ್ದು ನಿಮಗೆ ಗೊತ್ತಿದ್ದರೆ ಹೇಳಿ.